ಢಾಕಾದಲ್ಲಿ ಬಿದ್ದ ಗೋಲು

ಶಿವಾಜಿನಗರ
೮ ಫೆಬ್ರವರಿ ೨೦೨೬, ಭಾನುವಾರ

ಪ್ರೀತಿಯ ಮುನಿವೆಂಕಟಪ್ಪ,

ಮಂಡಿನೋವೊಂದು ಬಿಟ್ಟರೆ ನಾನು ಇದ್ದ ಹಾಗೇ ಇದ್ದೇನೆ. ಜಹನಾರಾ ಚೆನ್ನಾಗಿದ್ದಾಳೆ, ಮಾರಕ್ಕನವರನ್ನು ಕೇಳಿದೆ ಅಂತ ಬರೆಯಿರಿ ಅಂದಿದ್ದಾಳೆ. ನೀನೂ ನಾನೂ ಮಾತಾಡಿ ಇವತ್ತಿಗೆ ಎಂಬತ್ತೆರಡು ದಿನ. ನಲವತ್ತಮೂರು ವರ್ಷದಲ್ಲಿ ಇಷ್ಟು ದಿನ ಬಿಟ್ಟದ್ದು ಇದೇ ಮೊದಲು.

ನೀನು ಎಷ್ಟು ಸಲ ಫೋನ್ ಮಾಡಿದರೂ ಎತ್ತದವನು ಈಗ ಕಾಗದ ಬರೆಯಲು ಕೂತಿದ್ದೇನೆ. ಕಾರಣ ಇದೆ. ಫೋನಿನಲ್ಲಿ ನಿನ್ನ ಹತ್ತಿರ ಜಗಳವಾಡಲು ನನಗೆ ಬರುವುದಿಲ್ಲ. ನೀನು "ಊಟ ಆಯ್ತೇನೋ" ಅನ್ನುತ್ತೀಯ, ನಾನು ಆಯ್ತು ಅನ್ನುತ್ತೇನೆ, ಅಲ್ಲಿಗೆ ನನ್ನ ಜಗಳ ಮುಗಿದುಹೋಗುತ್ತದೆ. ಈ ಸಲ ಹಾಗೆ ಮುಗಿಯಬಾರದು. ಕಾರ್ಖಾನೆಯ ನೋಟಿಸ್ ಬೋರ್ಡಿಗೆ ಪಂದ್ಯದ ವರದಿ ಬರೆದು ಅಂಟಿಸುತ್ತಿದ್ದೆನಲ್ಲ, ಕನ್ನಡದಲ್ಲಿ ನನ್ನಷ್ಟು ಚೆನ್ನಾಗಿ ಬರೆಯುವವರು ಟರ್ನಿಂಗ್ ಶಾಪಿನಲ್ಲೇ ಇಲ್ಲ ಅಂತ ನೀನೇ ಎಲ್ಲರಿಗೂ ಹೇಳುತ್ತಿದ್ದೆಯಲ್ಲ. ಇದನ್ನೂ ಹಾಗೇ ಓದು.

ಮೊದಲು ಆಟದ ವಿಷಯ ಬರೆಯುತ್ತೇನೆ. ಅದು ಸುಲಭ.

ಇಪ್ಪತ್ನಾಲ್ಕು ತಂಡಗಳಿಗೆ ಜಾಗವಿರುವ ಏಷ್ಯಾ ಫುಟ್‌ಬಾಲ್ ಕಪ್ಪು. ಅದಕ್ಕೆ ಅರ್ಹತೆ ಪಡೆಯಲು ನಮಗೆ ಸಿಕ್ಕ ಗುಂಪು ಬಾಂಗ್ಲಾದೇಶ, ಹಾಂಗ್‌ಕಾಂಗ್, ಸಿಂಗಪುರ. ಪಟ್ಟಿ ಬಂದ ದಿನ ನೀನು "ಕಣ್ಮುಚ್ಕೊಂಡು ಹೋಗ್ಬಹುದು ಕಣೋ" ಅಂದೆ. ನಮ್ಮವರು ನಿಜವಾಗಿಯೂ ಕಣ್ಣು ಮುಚ್ಚಿಕೊಂಡೇ ಆಡಿದರು.

ಹೋದ ಮಾರ್ಚಿನಲ್ಲಿ ಶಿಲ್ಲಾಂಗ್. ಅದು ರಂಜಾನ್ ತಿಂಗಳು. ನೀನು ಆರು ಗಂಟೆಗೇ ನಮ್ಮ ಮನೆಗೆ ಬಂದು, ನಾನು ಉಪವಾಸ ಬಿಡುವ ತನಕ ಒಂದು ಖರ್ಜೂರವನ್ನೂ ಮುಟ್ಟದೆ ಕೂತಿದ್ದೆ. ಆಮೇಲೆ ಜಹನಾರಾ ಕರಿದ ಸಮೋಸ ಅಷ್ಟನ್ನೂ ಖಾಲಿ ಮಾಡಿದೆ. ನಮ್ಮ ನೆಲದಲ್ಲಿ, ನಮ್ಮ ಜನರ ಮುಂದೆ, ಬಾಂಗ್ಲಾದೇಶದ ಮೇಲೆ ನಮ್ಮವರು ಒಂದು ಗೋಲೂ ಹೊಡೆಯಲಿಲ್ಲ. ದೇಶಕ್ಕೆ ಆಡಿದ್ದು ಸಾಕು ಅಂತ ಹೊರಟಿದ್ದ ನಾಯಕನನ್ನು ನಲವತ್ತರ ವಯಸ್ಸಿನಲ್ಲಿ ಮತ್ತೆ ಕರೆಸಿ ನಿಲ್ಲಿಸಿದ್ದರು. ಅವನ ತಪ್ಪೇನೂ ಇಲ್ಲ. ಇಷ್ಟು ದೊಡ್ಡ ದೇಶದಲ್ಲಿ ಗೋಲಿನ ಮುಂದೆ ನಿಲ್ಲಲು ಇನ್ನೊಬ್ಬನನ್ನು ತಯಾರು ಮಾಡದವರ ಮುಖ ನೋಡಲು ನನಗೆ ಹೇಸಿಗೆ.

ಜೂನಿನಲ್ಲಿ ಹಾಂಗ್‌ಕಾಂಗ್. ತೆರೆದ ಗೋಲು ಕಣ್ಣೆದುರಿಗಿದ್ದರೂ ಚೆಂಡನ್ನು ಹೊರಗೆ ಹೊಡೆದರು. ಹೆಚ್ಚುವರಿ ನಿಮಿಷದಲ್ಲಿ ಪೆನಾಲ್ಟಿ ಕೊಟ್ಟು ಸೋತರು. ಅಕ್ಟೋಬರಿನಲ್ಲಿ ಸಿಂಗಪುರಕ್ಕೆ ಹೋಗಿ ಹತ್ತೇ ಜನ ಉಳಿದು, ತೊಂಬತ್ತನೆಯ ನಿಮಿಷದಲ್ಲಿ ಗೋಲು ಸಮ ಮಾಡಿದರು. ಅದಕ್ಕೆ ನಾವಿಬ್ಬರು ಮುದುಕರು ತಬ್ಬಿಕೊಂಡು ಕುಣಿದೆವು. ಡ್ರಾ ಆದದ್ದಕ್ಕೆ ಕುಣಿಯುವ ಗತಿ ಬಂದಿತ್ತು ನೋಡು. ಐದು ದಿನ ಕಳೆದು ಗೋವಾದಲ್ಲಿ ಅದೇ ಸಿಂಗಪುರ, ಮೊದಲ ಗೋಲು ನಮ್ಮದೇ. ಆಮೇಲೆ ಎರಡು ಹೊಡೆಸಿಕೊಂಡರು. ಬೆಂಗಳೂರಿನ ಅರ್ಧದಷ್ಟೂ ಜನವಿಲ್ಲದ ದೇಶ ಅದು. ಇನ್ನೂ ಎರಡು ಪಂದ್ಯ ಬಾಕಿ ಇರುವಾಗಲೇ ನಾವು ಹೊರಗೆ.

ನಾವಿಬ್ಬರು ಕಾರ್ಖಾನೆಯ ತಂಡಕ್ಕೆ ಆಡಿದ್ದು ಹೇಗಿತ್ತು? ಮೊದಲನೆ ಪಾಳಿ ಮುಗಿಸಿ, ಕೈಯ ಆಯಿಲ್ ಕೂಡ ಸರಿಯಾಗಿ ತೊಳೆಯದೆ ಮೈದಾನಕ್ಕೆ ಓಡುತ್ತಿದ್ದೆವು. ನೀನು ಕೀಪರ್, ನಾನು ಎಡಗಡೆ ವಿಂಗ್. ಸೋತ ದಿನ ಕ್ಯಾಂಟೀನಿಗೆ ಹೋಗಲು ನಾಚಿಕೆಯಾಗಿ ಡಬ್ಬಿಯನ್ನು ಮೆಷಿನ್ ಪಕ್ಕದಲ್ಲೇ ಬಿಚ್ಚಿ ತಿಂದಿದ್ದೇವೆ. ಇವರು ಸೋತು ಏರ್‌ಪೋರ್ಟಿನಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನಡೆದು ಬರುತ್ತಾರೆ. ದೇಶದ ದೊಡ್ಡ ಲೀಗೇ ತಿಂಗಳುಗಟ್ಟಲೆ ನಿಂತುಹೋಗಿತ್ತು, ಅದನ್ನು ಕೇಳುವವರೂ ಇರಲಿಲ್ಲ. ಇದನ್ನೆಲ್ಲ ನೋಡುತ್ತ ನೋಡುತ್ತ ನನಗೆ ಸಿಟ್ಟು ಹೋಗಿ ವಾಕರಿಕೆ ಬರುವ ಹಾಗಾಯಿತು. ನಿನಗೂ ಅಷ್ಟೆ ಅಂತ ಗೊತ್ತು.

ಇನ್ನು ನವೆಂಬರ್ ಹದಿನೆಂಟು.

ಢಾಕಾದ ಪಂದ್ಯಕ್ಕೆ ಅರ್ಥವೇ ಇರಲಿಲ್ಲ. ಗೆದ್ದರೂ ಹೊರಗೆ, ಸೋತರೂ ಹೊರಗೆ. ಆದರೂ ನೀನು ಬಾ ಅಂದೆ, ನಾನು ಮೆಟ್ರೋ ಹತ್ತಿ ಕೆ.ಆರ್. ಪುರಕ್ಕೆ ಬಂದೆ. ಕೆಂಪರಾಜ ಕೆಳಗಿನ ಹಾಲಿಗೆ ದೊಡ್ಡ ಟಿವಿ ಹಾಕಿಸಿದ್ದ. ಸೋಫಾದಲ್ಲಿ ನೀನು, ನಾನು, ನಿನ್ನ ಮಗ ಕೆಂಪರಾಜ. ಆ ಕಡೆ ಅವನ ಭಾಮೈದ, ಅಂದರೆ ನಿನ್ನ ಸೊಸೆ ಹಂಸಳ ತಮ್ಮ, ಮತ್ತೆ ಆ ತಮ್ಮನ ಇಬ್ಬರು ಸ್ನೇಹಿತರು. ಅವನ ಹೆಸರು ಬರೆಯಲು ನನಗೆ ಇಷ್ಟವಿಲ್ಲ. ಒಳಗೆ ಅಡುಗೆಮನೆಯಲ್ಲಿ ಮಾರಕ್ಕನವರು.

ಆಟ ಶುರುವಾಗುವ ಮೊದಲು ನೀನು ಒಂದು ಮಾತು ಅಂದೆ. ನೆನಪಿದೆಯೋ ಇಲ್ಲವೋ. "ಇವತ್ತು ನಾಕು ಬೀಳ್ಲಿ, ಆಗ್ಲಾದ್ರೂ ಬುದ್ಧಿ ಬರುತ್ತೆ ಈ ನನ್ಮಕ್ಳಿಗೆ" ಅಂದೆ. ಎಲ್ಲರಿಗಿಂತ ಜೋರಾಗಿ ನಕ್ಕವನು ಆ ಭಾಮೈದ. "ಕರೆಕ್ಟ್ ಮಾವ" ಅಂತ ನಿನ್ನ ತೊಡೆ ತಟ್ಟಿದ.

ಹನ್ನೊಂದನೆಯ ನಿಮಿಷ. ಅವರ ಹುಡುಗನೊಬ್ಬ ಎಡಗಡೆಯಿಂದ ಓಡಿಬಂದ. ನಮ್ಮ ಡಿಫೆಂಡರುಗಳು ಬಸ್ಸು ಹೋದ ಮೇಲೆ ಸ್ಟಾಪಿನಲ್ಲಿ ನಿಂತವರ ಹಾಗೆ ನಿಂತಿದ್ದರು. ಚೆಂಡು ಒಳಗೆ ಬಂತು, ಇನ್ನೊಬ್ಬ ಮುಗಿಸಿದ. ನನ್ನ ಬಾಯಿಂದ "ಆಹಾ, ಏನ್ ಓಟ" ಅಂತ ಬಂತು. ಎಡಗಡೆಯಲ್ಲಿ ಹನ್ನೆರಡು ವರ್ಷ ಓಡಿದವನ ಬಾಯಿಂದ ಇನ್ನೇನು ಬರುತ್ತದೆ?

ಆ ಭಾಮೈದ ನನ್ನ ಕಡೆ ತಿರುಗಿದ. "ಗೋಲ್ ಹೊಡ್ದಿದ್ದು ನಿಮ್ಮೋರಲ್ವಾ ಅಂಕಲ್, ಖುಷಿ ಆಗ್ದೆ ಇರುತ್ತಾ" ಅಂದ.

ಆ ಇಬ್ಬರು ಸ್ನೇಹಿತರು ನಕ್ಕರು. ಕೆಂಪರಾಜ ಮೊಬೈಲ್ ತೆಗೆದುಕೊಂಡು ನೋಡತೊಡಗಿದ. ನಾನು ಟಿವಿಯಿಂದ ಕಣ್ಣು ತೆಗೆಯಲಿಲ್ಲ. ನೀನು ಏನಾದರೂ ಹೇಳುತ್ತೀಯ ಅಂತ ಕಾದೆ. ತಟ್ಟೆಯಲ್ಲಿದ್ದ ಕಡಲೆಕಾಯಿ ಸಿಪ್ಪೆ ಒಡೆಯುವ ಸದ್ದು ಮಾತ್ರ ಕೇಳಿಸುತ್ತಿತ್ತು. ಅದು ನಿನ್ನ ಕೈಯ ಸದ್ದು.

ಇನ್ನೂ ಎಪ್ಪತ್ತೊಂಬತ್ತು ನಿಮಿಷ ನಾನು ಅಲ್ಲೇ ಕೂತಿದ್ದೆ. ಮಧ್ಯದಲ್ಲಿ ಎದ್ದುಹೋದರೆ ಅವನ ಮಾತು ನಿಜ ಅಂತಾಗುತ್ತದೆ ಅನ್ನಿಸಿತು. ನಮ್ಮವರು ಚೆಂಡು ಹಿಡಿದಾಗಲೆಲ್ಲ "ಬಾ, ಬಾ, ಮುಂದೆ ಬಾ" ಅಂತ ಕೂಗಿದೆ. ಸಾಮಾನ್ಯವಾಗಿ ನಾನು ಕೂಗುವವನಲ್ಲ, ಬೈಯುವವನು. ಅವತ್ತು ಕೂಗಿದೆ, ಅವನಿಗೆ ಕೇಳಿಸಲಿ ಅಂತ. ಅರವತ್ತೇಳು ವರ್ಷದವನು, ಒಬ್ಬ ಹುಡುಗನ ಮುಂದೆ ಪರೀಕ್ಷೆ ಬರೆದ ಹಾಗೆ. ಅದನ್ನು ನೆನೆಸಿಕೊಂಡರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಪಂದ್ಯ ಮುಗಿಯಿತು. ಇಪ್ಪತ್ತೆರಡು ವರ್ಷದ ಮೇಲೆ ಬಾಂಗ್ಲಾದೇಶ ನಮ್ಮನ್ನು ಸೋಲಿಸಿತು. ಅವನು ಎದ್ದು ಮೈ ಮುರಿಯುತ್ತ, "ಶಿವಾಜಿನಗರದಲ್ಲಿ ಇವತ್ತು ಪಟಾಕಿ ಹೊಡೀತಾರೆ ಬಿಡಿ" ಅಂದ. ಪ್ರತಿ ಸಲ ಮೆಟ್ರೋ ಗೇಟಿನ ತನಕ ಬಂದು ನಾನು ಮೆಟ್ಟಿಲು ಹತ್ತುವುದನ್ನು ನೋಡಿ ಹೋಗುವ ನೀನು, ಅವತ್ತು ಬಾಗಿಲಲ್ಲೇ ನಿಂತು "ಮಂಡಿ ನೋಯ್ತಾ ಇದೆ ಕಣೋ, ಕೆಂಪರಾಜ ಬಿಟ್ಬರ್ತಾನೆ" ಅಂದೆ. ನಾನು ಬೇಡ ಅಂತ ನಡೆದುಬಂದೆ. ಮೆಟ್ರೋ ಇಳಿದು ಆಟೋದಲ್ಲಿ ಶಿವಾಜಿನಗರಕ್ಕೆ ಬಂದಾಗ ಅಂಗಡಿಗಳ ಮುಂದೆ ನಿಂತು ಕಬಾಬ್ ತಿನ್ನುತ್ತಿದ್ದವರಲ್ಲಿ ಒಬ್ಬನಿಗೂ ಅಂಥ ಒಂದು ಪಂದ್ಯ ಇತ್ತು ಅನ್ನುವುದೇ ಗೊತ್ತಿರಲಿಲ್ಲ. ಎಲ್ಲರ ಮೊಬೈಲಿನಲ್ಲೂ ಕ್ರಿಕೆಟ್.

ನಿನಗೆ ಕಿವಿ ಸರಿಯಾಗಿ ಕೇಳುವುದಿಲ್ಲ, ಆ ಮಾತು ನಿನ್ನ ಕಿವಿಗೆ ಬೀಳಲೇ ಇಲ್ಲ ಅಂತ ಜಹನಾರಾಗೆ ಫೋನಿನಲ್ಲಿ ಹೇಳಿದೆಯಂತೆ. ಮುನಿ, ಅವನು ಹಾಗಂದು ಎರಡು ನಿಮಿಷವಾಗಿರಲಿಲ್ಲ, ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. "ಮೂರಾಯ್ತು, ಆರ್ಸೇ" ಅಂತ ಮಾರಕ್ಕನವರಿಗೆ ಕೂಗಿ ಹೇಳಿದವನು ನೀನು.

ನಿನಗೆ ಆ ಹೊರ ಊರಿನ ಟೂರ್ನಮೆಂಟು ನೆನಪಿರಬೇಕು. ಎಂಬತ್ತಾರನೆಯ ಇಸವಿ. ಗೋಲಿನ ಹಿಂದೆ ನಿಂತಿದ್ದ ಗುಂಪು ನಾನು ಚೆಂಡು ಮುಟ್ಟಿದಾಗಲೆಲ್ಲ ನನ್ನ ಜಾತಿ ಹಿಡಿದು ಕೂಗುತ್ತಿತ್ತು. ನೀನು ಚೆಂಡನ್ನು ಎದೆಗವಚಿಕೊಂಡು ಗೋಲಿನಿಂದ ಹೊರಗೆ ಬಂದು, ಅವರಿಗೆ ಎದುರಾಗಿ ನಿಂತುಬಿಟ್ಟೆ. ರೆಫರಿ ಎಷ್ಟು ವಿಷಲ್ ಊದಿದರೂ ಒದೆಯಲಿಲ್ಲ. ಅವರು ತಾವಾಗಿ ಸುಮ್ಮನಾಗುವ ತನಕ ನಿಂತೆ, ಕಾರ್ಡು ತೋರಿಸಿದಾಗ ತಲೆಯಾಡಿಸಿ ವಾಪಸ್ ಹೋದೆ. ಅವತ್ತು ನೂರಾರು ಜನರಿದ್ದರು. ಮೊನ್ನೆ ನಿನ್ನ ಸ್ವಂತ ಮನೆ, ನಿನ್ನ ಸ್ವಂತ ಸೋಫಾ, ಎದುರಿಗೆ ಮೂರು ಜನ ಹುಡುಗರು.

ಡಿಸೆಂಬರಿನಲ್ಲಿ ನೀನು ನಮ್ಮ ಮನೆಗೆ ಬಂದೆಯಲ್ಲ, ಅವರೆಕಾಯಿ ಚೀಲ ಹಿಡಿದುಕೊಂಡು. ಜಹನಾರಾ "ಮನೇಲಿಲ್ಲ ಅಣ್ಣ, ಬೆನ್ಸನ್ ಟೌನ್‌ಗೆ ಹೋಗಿದ್ದಾರೆ" ಅಂದಳಲ್ಲ. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ. ನನ್ನ ಚಪ್ಪಲಿ ಹೊಸ್ತಿಲಲ್ಲೇ ಇತ್ತು. ನೀನು ಅದನ್ನು ನೋಡಿದೆ, ಚೀಲವನ್ನು ಅದರ ಪಕ್ಕದಲ್ಲಿಟ್ಟು ಮೆಟ್ಟಿಲಿಳಿದೆ. ನಾನು ಕಿಟಕಿಯಿಂದ ನೋಡಿದೆ. ಗಲ್ಲಿಯ ತುದಿ ಮುಟ್ಟುವುದರೊಳಗೆ ನೀನು ಎರಡು ಸಲ ಗೋಡೆ ಹಿಡಿದುಕೊಂಡು ನಿಂತೆ. ನಿನ್ನ ಮಂಡಿನೋವು ಸುಳ್ಳಲ್ಲ ಅಂತ ಅವತ್ತು ಗೊತ್ತಾಯಿತು. ಜಹನಾರಾ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. "ಅವರ ಮನೆ ಹುಡುಗ ನಾಲಿಗೆ ಹರಿಬಿಟ್ಟ ಅಂತ ನೀವು ನನ್ನ ಬಾಯಲ್ಲಿ ಸುಳ್ಳು ಹೇಳಿಸ್ತೀರಾ? ಇನ್ನೊಂದು ಸಲ ಬಂದರೆ ನಾನೇ ಒಳಗೆ ಕರೀತೀನಿ" ಅಂದಳು. ಅವರೆಕಾಯಿ ಬಾಡಲು ಶುರುವಾದ ಮೇಲೆ ಸುಲಿದು ಮಾಂಸಕ್ಕೆ ಹಾಕಿದಳು. ನಾನು ತಿಂದೆ. ಚೆನ್ನಾಗಿತ್ತು.

ಇದೆಲ್ಲದರ ಮೇಲೆ ಇನ್ನೊಂದು ವಿಷಯವಿದೆ. ಅದನ್ನು ಬರೆಯದಿದ್ದರೆ ಈ ಕಾಗದಕ್ಕೆ ಅರ್ಥವಿಲ್ಲ.

ಆ ಗೋಲು ಬಿದ್ದಾಗ ನನಗೆ ಖುಷಿಯಾಗಿತ್ತು. ಬರಿ ಓಟ ಚೆನ್ನಾಗಿತ್ತು ಅಂತಲ್ಲ. ಬೀಳಲಿ, ಇನ್ನೂ ಬೀಳಲಿ, ಈ ಆಟಗಾರರ, ಇವರನ್ನು ನಡೆಸುವವರ ಮಾನ ಪೂರ್ತಿ ಹೋಗಲಿ ಅಂತ ನನ್ನ ಮನಸ್ಸೂ ಅಂದಿತು. ಐವತ್ತು ವರ್ಷ ಈ ತಂಡವನ್ನು ಹಚ್ಚಿಕೊಂಡವನಿಗೆ ಮಾತ್ರ ಬರುವ ಸಿಟ್ಟು ಅದು. ನೀನು ಬಾಯಿಬಿಟ್ಟು ಹೇಳಿದ್ದನ್ನೇ ನಾನು ಮನಸ್ಸಿನಲ್ಲಿ ಅಂದುಕೊಂಡೆ. ಅವನು ನನ್ನ ಮುಖದಲ್ಲಿ ಏನೋ ನೋಡಿದ್ದು ನಿಜ. ಅದಕ್ಕೇ ನನಗೆ ಉತ್ತರ ಕೊಡಲಾಗಲಿಲ್ಲ. ನಾಕು ಬೀಳಲಿ ಅಂತ ನೀನು ಅಂದರೆ ಅದು ತಂಡದ ಮೇಲಿನ ಪ್ರೀತಿ, ತೊಡೆ ತಟ್ಟುತ್ತಾರೆ. ಅದೇ ಸಿಟ್ಟು ನನ್ನ ಮುಖದಲ್ಲಿ ಕಂಡರೆ ನಾನು ಇನ್ನೊಂದು ದೇಶದವನಾಗುತ್ತೇನೆ. ಸ್ವಂತ ತಂಡವನ್ನು ಮನಸಾರೆ ಬೈಯಲೂ ನನಗೆ ಜಾಗವಿಲ್ಲ ಅಂತ ಅವತ್ತು ನಿನ್ನ ಮನೆಯಲ್ಲಿ ತಿಳಿಯಿತು. ಆ ಸೋಲಿಗಿಂತ ಇದು ಹೆಚ್ಚು ಹೇಸಿಗೆ.

ನೀನು ಅವರ ಜೊತೆ ನಗಲಿಲ್ಲ. ಅಷ್ಟು ಮಟ್ಟಿಗೆ ನಿನ್ನ ಋಣ ನನ್ನ ಮೇಲಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಕ್ಷಮೆ ಕೇಳಬೇಡ, ನನಗೆ ಬೇಡ. ಅದೇ ಹಾಲಿನಲ್ಲಿ, ಅದೇ ಜನ ಕೂತಿರುವಾಗ, ಅವನಿಗೆ ಹೇಳು. "ಸೋಲಲಿ ಅಂತ ಮೊದಲು ಅಂದವನು ನಾನು, ನನ್ನನ್ನು ಯಾಕೆ ಕೇಳಲಿಲ್ಲ" ಅಂತ ಕೇಳು. ಅಷ್ಟು ಸಾಕು. ಮಾರ್ಚ್ ಕೊನೆಗೆ ಕೊಚ್ಚಿಯಲ್ಲಿ ಹಾಂಗ್‌ಕಾಂಗ್ ಜೊತೆ ಕೊನೆಯ ಪಂದ್ಯವಿದೆ. ಹೇಗೂ ಅದರಿಂದ ಏನೂ ಆಗುವುದಿಲ್ಲ. ನೀನು ಹೇಳಿದೆ ಅಂತ ಬರೆದರೆ ನಿನ್ನ ಮನೆಗೆ ಬಂದು ನೋಡುತ್ತೇನೆ. ಇಲ್ಲದಿದ್ದರೆ ಇಲ್ಲ.

ಕೋಪ ಇನ್ನೂ ಆರದ,
ಕಲೀಮುಲ್ಲಾ

*

ಕೆ.ಆರ್. ಪುರ
೧ ಮಾರ್ಚ್ ೨೦೨೬

ಕಲೀಮು,

ನಿನ್ನ ಹಂಗೆ ಬರಿಯಕ್ಕೆ ನಂಗೆ ಬರಲ್ಲ. ಬೆಳಿಗ್ಗೆ ಕೂತವನು, ಮಧ್ಯಾಹ್ನ ಆಗ್ತಾ ಬಂತು. ಮಾರಕ್ಕ ಎರಡು ಸಲ ಬಂದು ನೋಡ್ಕೊಂಡು ಹೋದ್ಲು.

ಕುಕ್ಕರ್ ಮಾತು ನಿಜ. ನಂಗೆ ಕೇಳಿಸ್ತು. ಜಹನಾರಮ್ಮನಿಗೆ ಸುಳ್ಳು ಹೇಳ್ದೆ, ಅವರೂ ನನಗೊಂದು ಹೇಳಿದ್ರು, ಅಲ್ಲಿಗೆ ನಮ್ಮಿಬ್ಬರದು ಸರಿಹೋಯ್ತು ಅಂತ ಅವರಿಗೆ ಹೇಳು.

ಹೋದ ಭಾನುವಾರ ಮೊಮ್ಮಗಳ ಹುಟ್ಟಿದಬ್ಬ ಇತ್ತು. ಹಂಸನ ತಮ್ಮ ಬಂದಿದ್ದ, ಅವನ ಆ ಇಬ್ಬರು ಸ್ನೇಹಿತರೂ ಬಂದಿದ್ರು. ಅದೇ ಹಾಲು. ಊಟಕ್ಕೆ ಕೂತಿದ್ವಿ. ಟಿವಿ ಆರಿಸ್ದೆ. ಎಲ್ರೂ ನನ್ನ ಮುಖ ನೋಡಿದ್ರು. ನಾನಂದೆ, "ಅವತ್ತು ಢಾಕಾ ಮ್ಯಾಚಲ್ಲಿ ನಾಕು ಬೀಳ್ಲಿ ಅಂದಿದ್ದು ನಾನು. ನನ್ನ ಯಾಕೆ ಕೇಳ್ಲಿಲ್ಲ ನೀನು? ಕಲೀಮುಲ್ಲಾನ್ನ ಯಾಕೆ ಕೇಳ್ದೆ?"

ಅವನು "ಅಯ್ಯೋ ತಮಾಷೆಗೆ ಅಂದಿದ್ದು ಮಾವ, ಮೂರು ತಿಂಗಳಾಯ್ತು" ಅಂದ. ತಮಾಷೆ ಆದ್ರೆ ನನ್ನ ಮೇಲೆ ಮಾಡಬೇಕಿತ್ತು ಅಂದೆ. "ನೀವು ಬೇರೆ ಮಾವ" ಅಂದ. "ಹೆಂಗೆ ಬೇರೆ, ಹೇಳು. ಇಬ್ರೂ ಒಂದೇ ತಂಡಕ್ಕೆ ಆಡಿದ್ದೀವಿ, ಒಂದೇ ತಂಡಾನ ಬೈತೀವಿ. ನಾನು ಹೆಂಗೆ ಬೇರೆ" ಅಂದೆ. ಅವನು ತಟ್ಟೇಲಿ ಅನ್ನ ಕಲಸ್ತಾ ಕೂತ. ಹೇಳೋದು ಏನು ಅಂತ ಅಲ್ಲಿದ್ದ ಎಲ್ರಿಗೂ ಗೊತ್ತಿತ್ತು. ಅರ್ಧ ಊಟದಲ್ಲಿ ಎದ್ದು ಕೈ ತೊಳ್ಕೊಂಡ. ಸ್ನೇಹಿತರೂ ಎದ್ರು. ಹಂಸ ಅತ್ತಳು. ಹುಟ್ಟಿದಬ್ಬದ ದಿನ ತವರಿನವರನ್ನ ಎಬ್ಬಿಸಿ ಕಳಿಸಿದ್ರಿ ಅಂತ ಕೆಂಪರಾಜ ನನ್ನ ಮೇಲೆ ಕೂಗಾಡಿ ಮೇಲಕ್ಕೆ ಹೋದ. ಒಂದು ವಾರ ಆಯ್ತು, ಅವನು ಮಾತಾಡ್ತಿಲ್ಲ. ಮೊಮ್ಮಗಳನ್ನೂ ಕೆಳಕ್ಕೆ ಕಳಿಸ್ತಿಲ್ಲ. ಮಾರಕ್ಕ ಏನಂದ್ಲು ಗೊತ್ತಾ, "ಅವತ್ತೇ ಹೇಳಿದ್ರೆ ಇವತ್ತಿನ ಊಟನಾದ್ರೂ ಉಳೀತಿತ್ತು" ಅಂದ್ಲು.

ಅವತ್ತು ಯಾಕೆ ಹೇಳ್ಲಿಲ್ಲ ಅಂತ ನೀನು ಕೇಳಿಲ್ಲ. ಆದ್ರೂ ಹೇಳ್ತೀನಿ. ಮನೆ ಈಗ ಮಗ ಸೊಸೆಯದು ಅನ್ನೋ ಹಂಗೆ ನಾನು ಬದುಕ್ತಾ ಇದ್ದೆ. ಕೂತ್ಕೊಂಡು ಟಿವಿ ನೋಡೋ ಮುದುಕ. ಗೋಲಿನ ಹಿಂದೆ ಇದ್ದೋರು ಬೈದ್ರೆ ಅವರು ಯಾರೋ, ನಾಳೆ ಅವರ ಮುಖ ನೋಡೋ ಹಂಗಿರಲ್ಲ. ಇವರ ಜೊತೆ ದಿನಾ ಊಟ ಮಾಡ್ಬೇಕು. ಅಷ್ಟೇ ಕಣೋ. ಇದು ಕಾರಣ ಅಲ್ಲ ಅಂತ ನಂಗೂ ಗೊತ್ತು.

ಆ ತಂಡದ ವಿಷಯ ನೀನು ಬರೆದಿದ್ದಕ್ಕೆಲ್ಲ ನನ್ನ ರುಜು ಇದೆ. ಹಾಂಗ್‌ಕಾಂಗ್ ಮೇಲೆ ಗೆದ್ರೂ ನಾನು ಕೈ ತಟ್ಟಲ್ಲ. ಕೆಳಗಿನ ಟಿವಿ ಕೆಂಪರಾಜನ್ದು, ಅದನ್ನ ಮುಟ್ಟಲ್ಲ. ನಮ್ಮ ರೂಮಲ್ಲಿ ಹಳೇದು ಒಂದು ಚಿಕ್ಕದಿದೆ, ಅದ್ರಲ್ಲಿ ನೋಡ್ತೀನಿ. ಮಾರಕ್ಕ ಇನ್ನೊಂದು ಕುರ್ಚಿ ಹಾಕಲಾ ಅಂತ ಕೇಳಿದ್ಲು. ಇನ್ನೂ ಗೊತ್ತಿಲ್ಲ ಅಂದೆ.

ಉಪವಾಸದಲ್ಲಿ ಮಂಡಿ ಮೇಲೆ ಜಾಸ್ತಿ ಭಾರ ಹಾಕ್ಬೇಡ.

ನಿನ್ನ
ಮುನಿವೆಂಕಟಪ್ಪ

ಮರೆತು ಬಿಟ್ಟಿದ್ದಲ್ಲ, ಬೇಕಂತಲೇ ಕೊನೆಗೆ ಇಟ್ಟಿದ್ದು: ನಾನು ನಗಲಿಲ್ಲ ಅಂತ ಬರೆದಿದ್ದೀಯ. ನೀನು ಟಿವಿ ನೋಡ್ತಿದ್ದೆ, ನಿನಗೆ ಕಾಣಿಸಲಿಲ್ಲ. ಅವನು ನನ್ನ ಕಡೆ ನೋಡ್ದ, ನಾನೂ ನಕ್ಕೆ. ಸದ್ದು ಬರಲಿಲ್ಲ, ಆದ್ರೆ ನಕ್ಕೆ. ಇದನ್ನ ಬರೀದೆ ಕಾಗದ ಹಾಕಿದ್ರೆ ನೀನು ಬಂದುಬಿಡ್ತಿದ್ದೆ. ಅದಕ್ಕೇ ಬರೆದೆ.